ಎರಡು ಕಪ್ಪು ಮೊಲಗಳಿಗೆ ಹೊಂಬಣ್ಣದ ತುದಿಯ ಮರಿಗಳು: ಬಣ್ಣದ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಕಪ್ಪುಜೋಡಿ:

ನಮಸ್ಕಾರ. ಗಂಡು ಅಚ್ಚ ಕಪ್ಪು, ಹೆಣ್ಣೂ ಅಚ್ಚ ಕಪ್ಪು. ಎರಡರದೂ ವಂಶದ ದಾಖಲೆ ಇಲ್ಲ. ಈ ಜೋಡಿಯ ಎರಡು ಸೂಲಿನಲ್ಲಿ ಒಟ್ಟು 13 ಮರಿ ಉಳಿದಿವೆ: ಕಪ್ಪು 6, ಬ್ಲೂ (ಕಪ್ಪು ತೆಳುವಾದ ಬೂದುನೀಲಿ) 2, ಕೆಂಪುಗಣ್ಣಿನ ಬಿಳಿ 2. ಇನ್ನುಳಿದ 3 ಹುಟ್ಟಿದಾಗ ಕಪ್ಪಾಗಿಯೇ ಇದ್ದವು. ಮೂರನೇ ವಾರ ಕಳೆದ ಮೇಲೆ ಬೆನ್ನು, ಪಕ್ಕೆಗಳಲ್ಲಿ ಅಲ್ಲಲ್ಲಿ ಕೂದಲಿನ ತುದಿ ಹೊಂಬಣ್ಣಕ್ಕೆ ತಿರುಗಿದೆ. ದೂರದಿಂದ ನೋಡಿದರೆ ಕಪ್ಪಿನ ಮೇಲೆ ಹೊನ್ನಿನ ಪುಡಿ ಉದುರಿಸಿದ ಹಾಗಿದೆ.

ಬ್ಲೂ ಮತ್ತು ಬಿಳಿ ಹೇಗೆ ಬಂದವು ಅಂತ ಅರ್ಥವಾಗುತ್ತದೆ. ಅವೆರಡೂ ದುರ್ಬಲ ಗುಣ, ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಪ್ರತಿ ಅಡಗಿರಬೇಕು. ಹೊಂಬಣ್ಣದ ಮೂರರದ್ದೇ ಸಮಸ್ಯೆ. ಕಾಡುಮೊಲದ ಬಣ್ಣ, ಅಂದರೆ ಅಗೌಟಿ, ಕಪ್ಪಿನ ಮೇಲೆ ಪ್ರಬಲ. ಪ್ರಬಲ ಗುಣ ಒಂದು ಪ್ರತಿ ಇದ್ದರೂ ಮೈಮೇಲೆ ಕಾಣಬೇಕು. ಹಾಗಿದ್ದರೆ ಎರಡು ಕಪ್ಪು ಮೊಲಗಳ ಹೊಟ್ಟೆಯಲ್ಲಿ ಅಗೌಟಿಯ ಛಾಯೆ ಇರುವ ಮರಿ ಹೇಗೆ ಹುಟ್ಟಿತು? ಈ ಮೂರನ್ನು ಯಾವ ಬಣ್ಣ ಅಂತ ದಾಖಲಿಸಬೇಕು, ತಂದೆ ತಾಯಿಯಲ್ಲಿ ಯಾರಿಂದ ಬಂದಿದೆ ಅಂತ ಪತ್ತೆ ಮಾಡುವುದು ಹೇಗೆ? ಮುಂದೆ ಶುದ್ಧ ಬ್ಲೂ ಸಾಲು ಮಾಡುವ ಉದ್ದೇಶವಿದೆ.


ಮರಿಪೆಟ್ಟಿಗೆ:

ಬಣ್ಣದ ಲೆಕ್ಕಕ್ಕೆ ಕೈ ಹಾಕುವ ಮೊದಲು ತಂದೆ ಅವನೇ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ. ಮೊಲದಲ್ಲಿ ಹಸುವಿನ ಹಾಗೆ ಬೆದೆಯ ಗಡಿಯಾರವಿಲ್ಲ. ಕೂಡಿದ ಮೇಲೆ ಸುಮಾರು 10ರಿಂದ 12 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ಆ ಅವಧಿಯೊಳಗೆ ಇನ್ನೊಂದು ಗಂಡು ಹತ್ತಿದರೆ ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿ ಹುಟ್ಟಬಹುದು. ಎರಡನೇ ಬಾರಿ ಕೂಡಿಸುವುದಿದ್ದರೆ ಅದೇ ಗಂಡಿಗೇ ಕೂಡಿಸಬೇಕು, ಇಲ್ಲದಿದ್ದರೆ ಆ ಸೂಲಿನ ದಾಖಲೆಗೆ ಬೆಲೆಯಿಲ್ಲ.

ಎರಡನೆಯದು, ಮೊದಲ ಸೂಲಿನ ಗಂಡುಮರಿಗಳು ತಾಯಿಯ ಜೊತೆ ಎಷ್ಟು ದಿನ ಇದ್ದವು? ಮೂರು ತಿಂಗಳು ದಾಟಿದ ಗಂಡುಮರಿ ತಾಯಿಗೇ ಗಬ್ಬ ಕಟ್ಟಿಸಬಲ್ಲದು. ಮೂರನೆಯದು, ಬೇರೆ ಹೆಣ್ಣಿನ ಮರಿಗಳನ್ನು ಈ ಪೆಟ್ಟಿಗೆಗೆ ಸೇರಿಸಿದ್ದೀರಾ? ಎರಡು ದಿನದ ಕಪ್ಪು ಮರಿಗಳನ್ನು ಬೆರೆಸಿದರೆ ಆಮೇಲೆ ಯಾರ ಮರಿ ಯಾವುದು ಅಂತ ಹೇಳಲು ಯಾರಿಂದಲೂ ಆಗದು. ಸೇರಿಸಲೇಬೇಕಾದರೆ, ಆ ಸೂಲಿನಲ್ಲಿ ಹುಟ್ಟಲು ಸಾಧ್ಯವೇ ಇಲ್ಲದ ಬಣ್ಣದ ಮರಿಗಳನ್ನು ಮಾತ್ರ ಸೇರಿಸಿ. ಅದು ಆಗದಿದ್ದರೆ ಕಿವಿಯ ಒಳಭಾಗಕ್ಕೆ ಅಳಿಸದ ಮಾರ್ಕರ್‌ನಿಂದ ಚುಕ್ಕೆ ಇಡಿ. ತಾಯಿ ನೆಕ್ಕಿ, ಮರಿಗಳು ಒಂದಕ್ಕೊಂದು ಉಜ್ಜಿ ಅದು ಮಾಸುತ್ತದೆ. ಮೂರು ದಿನಕ್ಕೊಮ್ಮೆ ಮತ್ತೆ ಹಚ್ಚಬೇಕು.


ಕಪ್ಪುಜೋಡಿ:

ಮೂರೂ ಇಲ್ಲ. ಹೆಣ್ಣನ್ನು ಗಂಡಿನ ಗೂಡಿಗೆ ಬಿಟ್ಟು ಕೂಡಿಸಿ ವಾಪಸ್ ತಂದದ್ದು, ಬೇರೆ ಬಲಿತ ಗಂಡು ಇಲ್ಲ. ಮೊದಲ ಸೂಲಿನ ಮರಿಗಳನ್ನು 8 ವಾರಕ್ಕೇ ಬೇರ್ಪಡಿಸಿದೆ. ಬೇರೆ ಹೆಣ್ಣಿನ ಮರಿ ಸೇರಿಸಿಲ್ಲ.


ತುಪ್ಪಳ:

ಹಾಗಾದರೆ ಅವು ಸ್ಟೀಲ್ ಆಗಿರುವ ಸಾಧ್ಯತೆ ಬಲವಾಗಿದೆ. ನೀವು ಓದಿದ್ದು ಸರಿ, ಎ ಸ್ಥಾನದಲ್ಲಿ (ಬಣ್ಣದ ಜೀನುಗಳು ಕೂರುವ ಜಾಗಗಳನ್ನು ಎ, ಬಿ, ಸಿ, ಡಿ, ಇ ಸ್ಥಾನ ಅನ್ನುತ್ತಾರೆ) ಅಗೌಟಿ ಕಪ್ಪಿನ ಮೇಲೆ ಪ್ರಬಲ. ಆದರೆ ಬಣ್ಣ ತೀರ್ಮಾನವಾಗುವುದು ಒಂದೇ ಸ್ಥಾನದಲ್ಲಲ್ಲ. ಇ ಸ್ಥಾನದಲ್ಲಿ ಸ್ಟೀಲ್ ಎಂಬ ಪ್ರಬಲ ರೂಪ ಇದ್ದರೆ, ಎ ಸ್ಥಾನದಲ್ಲಿ ಅಗೌಟಿ ಕುಳಿತಿದ್ದರೂ ಅದರ ಕೆಲಸ ಮೈಮೇಲೆ ಕಾಣದ ಹಾಗೆ ಮುಚ್ಚಿಬಿಡುತ್ತದೆ.

ಕಾರಣ ಹೀಗಿದೆ. ಬಣ್ಣದ ಕೋಶದ ಮೇಲೆ ಎಂಸಿ1ಆರ್ ಎಂಬ ಗ್ರಾಹಕ ಇರುತ್ತದೆ, ಇ ಸ್ಥಾನ ಅಂದರೆ ಅದರದ್ದೇ ಜೀನ್. ಗ್ರಾಹಕ ಚುರುಕಾಗಿದ್ದಷ್ಟು ಹೊತ್ತು ಕೋಶ ಕಪ್ಪು ಬಣ್ಣ ಮಾಡುತ್ತದೆ. ಅಗೌಟಿ ಪ್ರೋಟೀನು ಕೂದಲು ಬೆಳೆಯುವಾಗ ಸ್ವಲ್ಪ ಕಾಲ ಬಂದು ಆ ಗ್ರಾಹಕವನ್ನು ತಡೆಯುತ್ತದೆ, ಆಗ ಹಳದಿ ಪಟ್ಟಿ ಮೂಡುತ್ತದೆ. ಅದು ಹೋದ ಮೇಲೆ ಮತ್ತೆ ಕಪ್ಪು. ಕಾಡುಬಣ್ಣದ ಕೂದಲಿನಲ್ಲಿ ಉಂಗುರ ಬರುವುದು ಹೀಗೆ. ಸ್ಟೀಲ್ ರೂಪದ ಜೀನಿನಲ್ಲಿ ಡಿಎನ್ಎಯ 6 ಅಕ್ಷರ ಬಿಟ್ಟುಹೋಗಿವೆ. ಆ ಗ್ರಾಹಕ ಅಗೌಟಿಯ ತಡೆಗೆ ಸರಿಯಾಗಿ ಬಗ್ಗುವುದಿಲ್ಲ, ಕಪ್ಪು ಮಾಡುತ್ತಲೇ ಇರುತ್ತದೆ. ಸ್ಟೀಲ್ ಒಂದು ಪ್ರತಿ ಇದ್ದರೆ ತಡೆ ಅರೆಬರೆ ನಡೆದು ಕೆಲವು ಕೂದಲ ತುದಿಯಷ್ಟೇ ಹೊಂಬಣ್ಣಕ್ಕೆ ತಿರುಗುತ್ತದೆ. ಎರಡು ಪ್ರತಿ ಇದ್ದರೆ ಅಗೌಟಿ ಮೊಲವೂ ನೋಡಲು ಹೆಚ್ಚುಕಡಿಮೆ ಕಪ್ಪೇ.

ಹೇಳಿದ್ದನ್ನು ನಂಬಬೇಡಿ, ನೋಡಿ ಖಚಿತ ಮಾಡಿಕೊಳ್ಳಿ. ಹಗಲು ಬೆಳಕಿನಲ್ಲಿ ಮರಿಯನ್ನು ಮಡಿಲಲ್ಲಿ ಕೂರಿಸಿ ಭುಜದ ಹಿಂದೆ ಬೆನ್ನಿನ ಮೇಲೆ ತುಪ್ಪಳದೊಳಗೆ ಜೋರಾಗಿ ಊದಿ. ಕಾಡುಬಣ್ಣದ ಮೊಲವಾಗಿದ್ದರೆ ತುಪ್ಪಳ ಹೂವಿನ ಹಾಗೆ ಬಿರಿದು ಸುತ್ತಸುತ್ತಿನ ಉಂಗುರ ಕಾಣುತ್ತದೆ: ಚರ್ಮದ ಬಳಿ ಬೂದುನೀಲಿ, ಮಧ್ಯೆ ಕಿತ್ತಳೆಹಳದಿ, ಹೊರಗೆ ಕಪ್ಪು. ಸ್ಟೀಲ್ ಮೊಲದಲ್ಲಿ ಆ ಉಂಗುರ ಇರುವುದಿಲ್ಲ, ಬುಡದಿಂದ ಗಾಢವಾಗಿಯೇ ಬಂದು ಅಲ್ಲೊಂದು ಇಲ್ಲೊಂದು ಕೂದಲಿನ ತುದಿ ಮಾತ್ರ ಹಳದಿ. ಆಮೇಲೆ ಮೊಲವನ್ನು ಅಂಗಾತ ಮಾಡಿ. ಕಾಡುಬಣ್ಣಕ್ಕೆ ಹೊಟ್ಟೆ ಬಿಳಿ, ಬಾಲದ ಅಡಿ ಬಿಳಿ, ಕಣ್ಣಿನ ಸುತ್ತ ತಿಳಿ ಬಳೆ, ಕತ್ತಿನ ಹಿಂದೆ ತಿಳಿ ತ್ರಿಕೋನ. ಸ್ಟೀಲ್‌ಗೆ ಹೊಟ್ಟೆಯೂ ಬಾಲದ ಅಡಿಯೂ ಗಾಢವಾಗಿಯೇ ಇರುತ್ತವೆ. ಮೈ ಕಪ್ಪಾಗಿದ್ದು ಹೊಟ್ಟೆ ಮಾತ್ರ ಬಿಳಿ ಇದ್ದರೆ ಅದು ಒಟ್ಟರ್, ಎ ಸ್ಥಾನದ ಮಧ್ಯದ ರೂಪ. ಅದು ಬೇರೆಯದೇ ಕಥೆ.

ತಂದೆ ತಾಯಿಯನ್ನೂ ಹೀಗೇ ಪರೀಕ್ಷಿಸಿ. ಪಕ್ಕೆ, ಕಿವಿಯ ಹಿಂದೆ, ಹಿಂಗಾಲಿನ ಒಳಗೆ, ಬಾಲದ ಅಡಿ ನೋಡಿ. ತಿಳಿ ಕೂದಲು ಸಿಕ್ಕರೆ ಒಂದನ್ನು ಬುಡಸಮೇತ ಕಿತ್ತು ಬಿಳಿ ಕಾಗದದ ಮೇಲೆ ಒಮ್ಮೆ, ಕಪ್ಪು ಬಟ್ಟೆಯ ಮೇಲೆ ಒಮ್ಮೆ ಇಟ್ಟು ನೋಡಿ. ಬುಡದಿಂದ ತುದಿಯವರೆಗೂ ಬಿಳಿಯಾಗಿದ್ದರೆ ಅದು ಬಿಡಿ ಬಿಳಿಗೂದಲು, ಸ್ಟೀಲ್‌ಗೆ ಸಂಬಂಧವಿಲ್ಲ. ಬುಡ ಗಾಢ, ತುದಿ ಮಾತ್ರ ಹೊಂಬಣ್ಣವಾದರೆ ಸ್ಟೀಲ್ ಅನ್ನಬಹುದು. ಇನ್ನೊಂದು ಮೋಸ ಇದೆ: ಬಿಸಿಲು ತಾಗಿದ ಅಥವಾ ತುಪ್ಪಳ ಬದಲಾಯಿಸುತ್ತಿರುವ ಕಪ್ಪು ಮೊಲ ತುಕ್ಕು ಹಿಡಿದ ಹಾಗೆ ಕೆಂಪಗಾಗುತ್ತದೆ. ಅದು ಹಳೆಯ ತುಪ್ಪಳದಲ್ಲಿ ತೇಪೆ ತೇಪೆಯಾಗಿರುತ್ತದೆ, ಹೊಸ ಕೂದಲು ಬಂದಾಗ ಹೋಗುತ್ತದೆ. ಸ್ಟೀಲ್ ತುದಿ ಹೊಸ ಕೂದಲಿನಲ್ಲೂ ಬರುತ್ತದೆ.


ಕಪ್ಪುಜೋಡಿ:

ಇವತ್ತು ಎಲ್ಲವನ್ನೂ ನೋಡಿದೆ. ಮೂರೂ ಮರಿಗಳಲ್ಲಿ ಉಂಗುರ ಇಲ್ಲ, ಹೊಟ್ಟೆ ಗಾಢ ಬೂದು, ಬಾಲದ ಅಡಿಯೂ ಕಪ್ಪು. ಹೆಣ್ಣಿನ ಮೈಮೇಲೆ ಒಂದೂ ತಿಳಿ ಕೂದಲು ಸಿಗಲಿಲ್ಲ. ಗಂಡಿನ ಎಡ ಪಕ್ಕೆಯಲ್ಲಿ ನಾಲ್ಕೈದು, ಎರಡೂ ಕಿವಿಯ ಹಿಂದೆ ಒಂದೆರಡು ಸಿಕ್ಕವು. ಬುಡ ಕಪ್ಪು, ತುದಿಯ ಒಂದಿಷ್ಟು ಮಾತ್ರ ಹಳದಿ. ಹಾಗಾದರೆ ಗಂಡೇ ಮೂಲ ಅಂತ ಹೇಳಿಬಿಡಬಹುದೇ?


ಲೈಲಾಕ್‌ಲೆಕ್ಕ:

ಅನುಮಾನ ಗಂಡಿನ ಮೇಲೆ ಬೀಳುತ್ತದೆ. ತೀರ್ಮಾನಕ್ಕೆ ಪರೀಕ್ಷಾ ಸೂಲು ಬೇಕು. ಅದಕ್ಕೂ ಮುಂಚೆ ಈಗಿರುವ 13 ಮರಿಗಳಿಂದಲೇ ಎಷ್ಟು ತಿಳಿಯುತ್ತದೆ ನೋಡೋಣ. ಬರೆಯುವ ಕ್ರಮ ಹೀಗೆ: ಪ್ರಬಲ ರೂಪಕ್ಕೆ +, ದುರ್ಬಲ ರೂಪಕ್ಕೆ −, ತಿಳಿಯದ್ದಕ್ಕೆ ಪ್ರಶ್ನೆಚಿಹ್ನೆ.

ಎ ಸ್ಥಾನ: ಎ+ ಅಗೌಟಿ, ಎ− ಒಂದೇ ಬಣ್ಣದ ಮೈ (ಸೆಲ್ಫ್).
ಬಿ ಸ್ಥಾನ: ಬಿ+ ಕಪ್ಪು, ಬಿ− ಚಾಕೊಲೇಟ್.
ಸಿ ಸ್ಥಾನ: ಸಿ+ ಪೂರ್ಣ ಬಣ್ಣ, ಸಿ− ಕೆಂಪುಗಣ್ಣಿನ ಬಿಳಿ. ಮಧ್ಯೆ ಚಿಂಚಿಲ್ಲಾ (ಹಳದಿಯಿಲ್ಲದ ಬೂದು ಉಂಗುರ), ಸೇಬಲ್ (ಕಡುಗಂದು), ಹಿಮಾಲಯನ್ (ಬಿಳಿ ಮೈ, ಗಾಢ ತುದಿಭಾಗ) ರೂಪಗಳಿವೆ.
ಡಿ ಸ್ಥಾನ: ಡಿ+ ಗಾಢ, ಡಿ− ತೆಳು. ಕಪ್ಪು ತೆಳುವಾದರೆ ಬ್ಲೂ, ಚಾಕೊಲೇಟ್ ತೆಳುವಾದರೆ ಲೈಲಾಕ್.
ಇ ಸ್ಥಾನ: ಇ-ಸ್ಟೀಲ್, ಅದರ ಕೆಳಗೆ ಇ+ (ಸಾಮಾನ್ಯ ರೂಪ), ಮತ್ತೂ ಕೆಳಗೆ ಹಾರ್ಲೆಕ್ವಿನ್ (ಕಪ್ಪು, ಕಿತ್ತಳೆ ತೇಪೆಗಳು), ಕಟ್ಟಕಡೆಗೆ ಇ− (ಕಪ್ಪು ಹರಡದೆ ಕಿತ್ತಳೆಹಳದಿ).

ಬಿಳಿ ಮರಿ ಬಂತು, ಆದ್ದರಿಂದ ಇಬ್ಬರೂ ಸಿ+/ಸಿ−. ಬ್ಲೂ ಬಂತು, ಇಬ್ಬರೂ ಡಿ+/ಡಿ−. ಈ ಎರಡರಲ್ಲಿ ಅನುಮಾನವೇ ಇಲ್ಲ. ಒಂದೇ ಒಂದು ಮರಿ ಸಾಕು. ಬಿ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾಗದು. ಇಬ್ಬರೂ ಬಿ+/ಬಿ− ಆಗಿದ್ದರೆ ಬಣ್ಣದ ಮರಿಗಳಲ್ಲಿ ನಾಲ್ಕರಲ್ಲೊಂದು ಚಾಕೊಲೇಟ್ ಅಥವಾ ಲೈಲಾಕ್ ಆಗಬೇಕು. 11 ಬಣ್ಣದ ಮರಿಯಲ್ಲಿ ಒಂದೂ ಇಲ್ಲ. ಮುಕ್ಕಾಲನ್ನು 11 ಸಲ ಗುಣಿಸಿದರೆ ಸುಮಾರು ಶೇ. 4. ಅಂದರೆ ಇಬ್ಬರಲ್ಲೂ ಚಾಕೊಲೇಟ್ ಅಡಗಿದೆ ಅನ್ನುವ ಸಾಧ್ಯತೆ ಕಡಿಮೆ. ಒಬ್ಬರಲ್ಲಿ ಮಾತ್ರ ಅಡಗಿದ್ದರೆ ಈ ಜೋಡಿಯಿಂದ ಅದು ಎಂದೂ ಬಯಲಾಗದು.

ಈಗ ಸ್ಟೀಲ್. ಹೊಂಬಣ್ಣದ ತುದಿ ಬರಲು ಮರಿಯಲ್ಲಿ ಎ+ ಇರಲೇಬೇಕು. ಆ ಎ+ ಕಪ್ಪಾಗಿ ಕಾಣುವ ಒಬ್ಬರಲ್ಲಿ ಅಡಗಿದೆ ಅಂದರೆ ಅವರಲ್ಲಿ ಸ್ಟೀಲ್ ಸಹ ಇದೆ. ಒಂದು ಪ್ರತಿಯೋ ಎರಡೋ? ಒಂದು ಪ್ರತಿ ಇದ್ದೂ ತುದಿಗಳು ತೀರಾ ಕಡಿಮೆಯಾಗಿ ಕಪ್ಪು ಅನ್ನಿಸಿಕೊಳ್ಳುವ ಮೊಲಗಳಿವೆ. ಒಂದೇ ಪ್ರತಿ ಎಂದುಕೊಳ್ಳಿ: ಆ ಮೊಲ ಎ+/ಎ− ಮತ್ತು ಇ-ಸ್ಟೀಲ್/ಇ+, ಇನ್ನೊಂದು ಎ−/ಎ− ಮತ್ತು ಇ+/ಇ+. ಆಗ ಬಣ್ಣದ ಮರಿಗಳಲ್ಲಿ ನಾಲ್ಕರಲ್ಲೊಂದಕ್ಕೆ ಎ+ ಬಂದು ಸ್ಟೀಲ್ ಬರದೆ, ಬಿಳಿ ಹೊಟ್ಟೆಯ ನಿಜವಾದ ಕಾಡುಬಣ್ಣ ಅಥವಾ ಅದರ ತೆಳು ರೂಪ ಓಪಲ್ ಸಿಗಬೇಕಿತ್ತು. 11ರಲ್ಲಿ ಒಂದೂ ಇಲ್ಲ, ಮತ್ತೆ ಅದೇ ಶೇ. 4. ಆದ್ದರಿಂದ ಎರಡು ಪ್ರತಿ ಇರುವ ಸಾಧ್ಯತೆಯೇ ಹೆಚ್ಚು. ಗಂಡೇ ಮೂಲ ಎಂದುಕೊಂಡರೆ:

ಗಂಡು: ಎ+/ಎ−, ಬಿ+/?, ಸಿ+/ಸಿ−, ಡಿ+/ಡಿ−, ಇ-ಸ್ಟೀಲ್/ಇ-ಸ್ಟೀಲ್
ಹೆಣ್ಣು: ಎ−/ಎ−, ಬಿ+/?, ಸಿ+/ಸಿ−, ಡಿ+/ಡಿ−, ಇ+/?

ಹೀಗಿದ್ದಲ್ಲಿ ಬಣ್ಣದ ಮರಿಗಳಲ್ಲಿ ಅರ್ಧದಷ್ಟು ಸ್ಟೀಲ್ ಆಗಬೇಕು. ನಿಮಗೆ ಬಂದದ್ದು 11ಕ್ಕೆ 3. ಇದು ಅಸಾಧ್ಯವೇನಲ್ಲ. ಆದರೆ ಆರು ಕಪ್ಪು ಮತ್ತು ಎರಡು ಬ್ಲೂ ಮರಿಗಳ ಮೈಯನ್ನು ಮತ್ತೊಮ್ಮೆ ಬೆರಳಿನಿಂದ ಬಿಡಿಸಿ ನೋಡಿ, ತುದಿ ಕಡಿಮೆ ಇರುವ ಸ್ಟೀಲ್ ಒಂದೆರಡು ಅಲ್ಲೇ ಕುಳಿತಿರಬಹುದು. ಬ್ಲೂ ಮೈಮೇಲೆ ತಿಳಿಗಂದು ತುದಿ ಎದ್ದು ಕಾಣುವುದಿಲ್ಲ.

ಪರೀಕ್ಷಾ ಸೂಲಿಗೆ ಜೊತೆ ಆರಿಸುವುದರಲ್ಲಿದೆ ಜಾಣತನ. ಅತ್ಯಂತ ಉಪಯೋಗಿ ಜೊತೆ ಸೆಲ್ಫ್ ಲೈಲಾಕ್, ಏಕೆಂದರೆ ಅದು ಎ−/ಎ−, ಬಿ−/ಬಿ−, ಡಿ−/ಡಿ−. ಅದರಿಂದ ಮರಿಗೆ ಮುಚ್ಚುವಂಥ ಪ್ರಬಲ ರೂಪ ಆ ಮೂರು ಸ್ಥಾನಗಳಲ್ಲಿ ಒಂದೂ ಹೋಗುವುದಿಲ್ಲ, ಆದ್ದರಿಂದ ಪರೀಕ್ಷೆಗೆ ಒಳಗಾದ ಮೊಲ ಕೊಟ್ಟದ್ದೆಲ್ಲ ಮರಿಯ ಮೈಮೇಲೆ ಬಯಲಾಗುತ್ತದೆ. ಗಂಡನ್ನು ಲೈಲಾಕ್ ಹೆಣ್ಣಿಗೆ ಕೂಡಿಸಿ. ಸ್ಟೀಲ್ ಮರಿ ಬಂದರೆ ಎ+ ಕೊಟ್ಟವನು ಅವನೇ. ಚಾಕೊಲೇಟ್ ಮರಿ ಬಂದರೆ ಅವನು ಬಿ+/ಬಿ−. ಹೀಗೆ ಕೂಡಿಸಿದಾಗ ಅಡಗಿದ ಗುಣ ಅರ್ಧ ಮರಿಗಳಲ್ಲಿ ಹೊರಬೀಳಬೇಕಾದ್ದರಿಂದ 5 ಮರಿಯಲ್ಲಿ ಒಂದೂ ಕಾಣದಿದ್ದರೆ ಅದು ಅಡಗಿರುವ ಸಾಧ್ಯತೆ ಶೇ. 3ರ ಆಸುಪಾಸು, 7 ಮರಿಯಲ್ಲಿ ಕಾಣದಿದ್ದರೆ ಶೇ. 1ಕ್ಕಿಂತ ಕಡಿಮೆ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಅದೇ ಖಚಿತತೆಗೆ ಅಡಗಿಸಿಕೊಂಡ ಇನ್ನೊಂದು ಮೊಲಕ್ಕೆ ಕೂಡಿಸಿದರೆ 17 ಮರಿ ಬೇಕಾಗುತ್ತದೆ. ಒಂದು ಒಳ್ಳೆಯ ಸೂಲಿನಲ್ಲಿ ಮುಗಿಯುವ ಕೆಲಸಕ್ಕೆ ಎರಡು ಮೂರು ಸೂಲು ಯಾಕೆ?


ತುಪ್ಪಳ:

ಲೈಲಾಕ್‌ಲೆಕ್ಕ ಅವರ ಮಾತಿಗೆ ಒಂದು ಸೇರಿಸಬೇಕು. ಲೈಲಾಕ್ ಸ್ವತಃ ಎ−/ಎ− ಆಗಿರುವುದರಿಂದ ಅದರಲ್ಲೇ ಸ್ಟೀಲ್ ಅಡಗಿದ್ದರೂ ಯಾರಿಗೂ ಕಾಣದು. ಸ್ಟೀಲ್ ತನ್ನ ಮುಖ ತೋರಿಸಲು ಎ+ ಬೇಕು. ಆದ್ದರಿಂದ ಎ+ ಯಾರಲ್ಲಿದೆ ಎಂಬುದಕ್ಕೆ ಲೈಲಾಕ್ ಸರಿ. ಸ್ಟೀಲ್ ಎಷ್ಟು ಪ್ರತಿ ಎಂಬುದಕ್ಕೆ ಒಳ್ಳೆಯ ಉಂಗುರ, ಬಿಳಿ ಹೊಟ್ಟೆ ಇರುವ ಕಾಡುಬಣ್ಣದ ಮೊಲವೇ ಬೇಕು. ಕಾಡುಬಣ್ಣ ಸ್ಪಷ್ಟವಾಗಿ ಕಾಣುತ್ತಿದೆ ಅಂದಮೇಲೆ ಆ ಮೊಲದಲ್ಲಿ ಸ್ಟೀಲ್ ಇರಲು ಸಾಧ್ಯವಿಲ್ಲ, ಅದೇ ಅದರ ಪ್ರಮಾಣಪತ್ರ.

ನಿಮ್ಮ ಗಂಡನ್ನು ಅಂಥ ಹೆಣ್ಣಿಗೆ ಕೂಡಿಸಿದರೆ ಸ್ಟೀಲ್ ಮತ್ತು ಕಪ್ಪು ಬರಬಹುದು, ಕಾಡುಬಣ್ಣ ಒಂದೂ ಬರಬಾರದು. ಬಿಳಿ ಹೊಟ್ಟೆಯ ಒಂದು ಮರಿ ಬಂದರೂ ಅವನಲ್ಲಿ ಸ್ಟೀಲ್ ಎರಡು ಪ್ರತಿ ಇಲ್ಲ ಎಂದು ತೀರ್ಮಾನ. ಹೆಣ್ಣನ್ನೂ ಬೇರೊಂದು ಕಾಡುಬಣ್ಣದ ಗಂಡಿಗೆ ಕೂಡಿಸಿ ನೋಡುವುದು ಒಳ್ಳೆಯದು. ಅವಳ ಕಪ್ಪಿನ ಕೆಳಗೂ ಸ್ಟೀಲ್ ಇದ್ದೀತು. ಮೈಮೇಲೆ ಒಂದೂ ತಿಳಿ ಕೂದಲು ಇಲ್ಲದಿರುವುದರಿಂದ ಅವಳಲ್ಲಿ ಇಲ್ಲ ಅಂತಾಗುವುದಿಲ್ಲ.

ಮತ್ತೊಂದು: ಈ ಗಂಡಿನಲ್ಲಿ ಎರಡು ಪ್ರತಿ ಇದ್ದರೆ ಅವನ ಪ್ರತಿಯೊಂದು ಮರಿಯೂ, ಬಿಳಿಯವೂ ಸೇರಿದಂತೆ, ಸ್ಟೀಲ್ ಒಂದು ಪ್ರತಿ ಹೊತ್ತೇ ಹುಟ್ಟಿದೆ. ಮರಿ ಬೇರೆಯವರಿಗೆ ಕೊಡುವಾಗ ಇದನ್ನು ಬರೆದುಕೊಡಿ. ತೆಗೆದುಕೊಂಡವರು ಚಿಂಚಿಲ್ಲಾ ಅಥವಾ ಕಾಡುಬಣ್ಣದ ಸಾಲಿಗೆ ಈ "ಕಪ್ಪು" ಮೊಲವನ್ನು ತಂದರೆ ಉಂಗುರ ಹಾಳಾಗುತ್ತದೆ, ಹೊಟ್ಟೆ ಮಸಿಯಾಗುತ್ತದೆ, ಎಲ್ಲಿಂದ ಬಂತು ಅಂತ ಹುಡುಕುವುದರಲ್ಲೇ ಎರಡು ಪೀಳಿಗೆ ಕಳೆಯುತ್ತದೆ.


ಉದ್ದಕಿವಿ:

ಬಿಳಿ ಮರಿ ಎರಡರ ಬಗ್ಗೆ ಯಾರೂ ಹೇಳಲಿಲ್ಲ. ಅವಕ್ಕೆ ಈಗ ವಯಸ್ಸೆಷ್ಟು? ಕಣ್ಣು ಬಿಡುವುದು 10–12ನೇ ದಿನ. ಆಗ ಕಣ್ಣು ಕೆಂಪಗೆ ಕಂಡರೆ ಸಿ ಸ್ಥಾನದ ವಿಷಯ, ನೀಲಿ ಕಂಡರೆ ವಿಯೆನ್ನಾ ಎಂಬ ಬೇರೆಯೇ ಸ್ಥಾನ. ನಿಮ್ಮದು ಕೆಂಪು, ಸರಿ. ಆದರೆ ಹಿಮಾಲಯನ್ ಮರಿಗೂ ಕಣ್ಣು ಕೆಂಪೇ, ಅದೂ ಹುಟ್ಟುವಾಗ ಗುಲಾಬಿ ಮೈಯ ಬಿಳಿ ಮರಿಯೇ. ಮೂಗು, ಕಿವಿ, ಪಾದ, ಬಾಲ ಕಪ್ಪಾಗುವುದು ವಾರಗಳು ಕಳೆದ ಮೇಲೆ. ಆರು ವಾರ ತುಂಬುವವರೆಗೆ ದಾಖಲೆಯಲ್ಲಿ "ಕೆಂಪುಗಣ್ಣಿನ ಬಿಳಿ" ಅಂತ ಖಾಯಂ ಮಾಡಬೇಡಿ. ಮೂಗಿನ ಮೇಲೆ ಮಸಿ ಮೂಡಿದರೆ ನಿಮ್ಮ ಜೋಡಿಯಲ್ಲಿ ಕನಿಷ್ಠ ಒಬ್ಬರಲ್ಲಿ ಸಿ− ಬದಲು ಹಿಮಾಲಯನ್ ರೂಪ ಇದೆ, ಲೆಕ್ಕ ಬದಲಾಗುತ್ತದೆ.

ಹಿಮಾಲಯನ್ ಬಣ್ಣ ಶಾಖಕ್ಕೆ ಸೂಕ್ಷ್ಮ. ಆ ಕಿಣ್ವ ಮೈ ಬೆಚ್ಚಗಿರುವ ಕಡೆ ಕೆಲಸ ಮಾಡುವುದಿಲ್ಲ, ತಣ್ಣಗಿರುವ ತುದಿಭಾಗಗಳಲ್ಲಿ ಮಾಡುತ್ತದೆ. ಮರಿ ಪೆಟ್ಟಿಗೆಯಿಂದ ಹೊರಬಿದ್ದು ಚಳಿ ತಿಂದರೆ ಬೆನ್ನ ಮೇಲೆಲ್ಲ ಬೂದು ಛಾಯೆ ಬರುತ್ತದೆ, ನೋಡಿದವರು ಬೇರೆ ಬಣ್ಣ ಅಂದುಕೊಳ್ಳುತ್ತಾರೆ. ಆ ತುಪ್ಪಳ ಉದುರಿ ಹೊಸದು ಬಂದಾಗ ಬಿಳಿಯೇ.

ಬಿಳಿ ಮೊಲ ಅಂದರೆ ಬಣ್ಣವಿಲ್ಲದ ಮೊಲ ಅಂತ ತಿಳಿಯಬೇಡಿ. ಉಳಿದೆಲ್ಲ ಸ್ಥಾನಗಳೂ ಅದರಲ್ಲಿವೆ, ಮೇಲೆ ಬಿಳಿ ಹೊದಿಕೆ ಬಿದ್ದಿದೆ ಅಷ್ಟೆ. ಅಗೌಟಿ, ಸ್ಟೀಲ್, ಬ್ಲೂ, ಚುಕ್ಕೆ ಏನು ಬೇಕಾದರೂ ಕೆಳಗಿರಬಹುದು.


ಕಪ್ಪುಜೋಡಿ:

ಬಿಳಿ ಎರಡೂ ಮೊದಲ ಸೂಲಿನವು, ಹತ್ತು ವಾರ ದಾಟಿದೆ, ಮಸಿ ಎಲ್ಲೂ ಇಲ್ಲ. ಆರು ಕಪ್ಪಿನಲ್ಲಿ ಒಂದರ ಬಾಲದ ಬುಡದಲ್ಲಿ ಹೊಂಬಣ್ಣದ ತುದಿ ಏಳೆಂಟು ಸಿಕ್ಕವು. ಅದನ್ನು ಸ್ಟೀಲ್‌ಗೆ ಬದಲಾಯಿಸಿ ಬರೆದೆ, ಈಗ 11ಕ್ಕೆ 4. ಬ್ಲೂ ಎರಡೂ ಸ್ವಚ್ಛವಾಗಿವೆ, ಒಂದು ಗಂಡು, ಒಂದು ಹೆಣ್ಣು.

ಎರಡು ಪ್ರಶ್ನೆ ಉಳಿದಿದೆ. ಈ ಅಣ್ಣ ತಂಗಿ ಬ್ಲೂಗಳನ್ನೇ ಕೂಡಿಸಿ ಸಾಲು ಶುರು ಮಾಡಬಹುದೇ, ಸ್ಟೀಲ್ ಅಡ್ಡ ಬರುತ್ತದೆಯೇ? ಇನ್ನೊಂದು, ಬಿಳಿ ಮೈಮೇಲೆ ಬ್ಲೂ ತೇಪೆ ಇರುವ ಬ್ರೋಕನ್ ಹೆಣ್ಣು ಒಂದು ಸಿಗುವ ಹಾಗಿದೆ. ಅದನ್ನು ಸಾಲಿಗೆ ಸೇರಿಸಿದರೆ ಹೇಗೆ?


ಲೈಲಾಕ್‌ಲೆಕ್ಕ:

ಬ್ಲೂಗೆ ಬ್ಲೂ ಕೂಡಿಸಿದರೆ ಮರಿಗಳೆಲ್ಲ ತೆಳು ಬಣ್ಣದವೇ. ಕಪ್ಪು ಹುಟ್ಟಲು ಸಾಧ್ಯವಿಲ್ಲ. ಮೈಮೇಲೆ ತುದಿಗಳಿಲ್ಲದ ಈ ಎರಡೂ ಎ−/ಎ− ಆಗಿದ್ದರೆ ಇಡೀ ಸಾಲಿನಲ್ಲಿ ಎ+ ಇರುವುದೇ ಇಲ್ಲ. ಎ+ ಇಲ್ಲದ ಕಡೆ ಸ್ಟೀಲ್ ಇದ್ದರೂ ಇಲ್ಲದಿದ್ದರೂ ಮೊಲ ಒಂದೇ ಥರ ಕಾಣುತ್ತದೆ. ಅಂದರೆ ಸೆಲ್ಫ್ ಬ್ಲೂ ಮಾತ್ರ ಬೆಳೆಸುವವರಿಗೆ ಸ್ಟೀಲ್ ಏನೂ ಕಿರುಕುಳ ಕೊಡದು. ಅಗೌಟಿ, ಚಿಂಚಿಲ್ಲಾ, ಓಪಲ್ ತಂದ ದಿನ ಎದ್ದು ಕೂರುತ್ತದೆ.

ನಿಮಗೆ ತೊಂದರೆ ಕೊಡುವುದು ಸಿ−. ತಂದೆ ತಾಯಿ ಇಬ್ಬರೂ ಸಿ+/ಸಿ− ಆಗಿದ್ದರಿಂದ, ಬಣ್ಣದ ಪ್ರತಿ ಮರಿಯೂ ಬಿಳಿಯನ್ನು ಹೊತ್ತಿರುವ ಸಾಧ್ಯತೆ ಮೂರರಲ್ಲೆರಡು. ಅರ್ಧ ಅಲ್ಲ, ಮೂರರಲ್ಲೆರಡು: ನಾಲ್ಕು ಪಾಲಿನಲ್ಲಿ ಬಿಳಿಯ ಪಾಲು ಈಗಾಗಲೇ ಬೇರೆಯಾಗಿದೆ, ಉಳಿದ ಮೂರರಲ್ಲಿ ಎರಡು ಹೊತ್ತವು. ಬಹಳ ಜನ ಇಲ್ಲೇ ಎಡವುತ್ತಾರೆ. ನಿಮ್ಮ ಕಪ್ಪು ಮರಿಗಳಿಗೂ ಇದೇ ಲೆಕ್ಕ ಹಾಕಿದರೆ ಬಿಳಿಯನ್ನೂ ಬ್ಲೂವನ್ನೂ ಹೊತ್ತಿಲ್ಲದ ಕಪ್ಪು ಒಂಬತ್ತರಲ್ಲೊಂದು ಮಾತ್ರ.

ಅಣ್ಣ ತಂಗಿಯನ್ನು ಕೂಡಿಸಿದರೆ ಸರಾಸರಿ ಒಂಬತ್ತರಲ್ಲೊಂದು ಮರಿ ಬಿಳಿ. ಸಾಲು ಶುರು ಮಾಡಲು ಇದು ಒಳ್ಳೆಯ ದಾರಿ ಅಂತ ನನಗನ್ನಿಸುವುದಿಲ್ಲ, ಬಿಳಿಗಿಂತ ಹೆಚ್ಚಾಗಿ ರಕ್ತಸಂಬಂಧದ ಕಾರಣಕ್ಕೆ. ಸೂಲು ಚಿಕ್ಕದಾಗುವುದು, ಮರಿ ಬಡವಾಗುವುದು ಬಣ್ಣದ ಲೆಕ್ಕದಲ್ಲಿ ಕಾಣುವುದಿಲ್ಲ. ಇಬ್ಬರಿಗೂ ಹೊರಗಿನ ಬ್ಲೂ ಜೊತೆ ಹುಡುಕಿ. ಬ್ಲೂ ಗಂಡಿನಲ್ಲಿ ಬಿಳಿ ಇದೆಯೇ ತಿಳಿಯಲು ಒಂದು ಬಾರಿ ಹೊರಗಿನ ಕೆಂಪುಗಣ್ಣಿನ ಬಿಳಿ ಹೆಣ್ಣಿಗೆ ಕೂಡಿಸಿ. ಒಂದು ಬಿಳಿ ಮರಿ ಬಂದರೆ ಇದೆ. 7 ಬಣ್ಣದ ಮರಿ ಬಂದು ಬಿಳಿ ಒಂದೂ ಬರದಿದ್ದರೆ ಇಲ್ಲ ಎನ್ನಬಹುದು. ಆ ಸೂಲಿನ ಮರಿಗಳನ್ನು ಸಾಲಿಗೆ ಇಟ್ಟುಕೊಳ್ಳಬೇಡಿ, ಎಲ್ಲವೂ ಬಿಳಿ ಹೊತ್ತಿರುತ್ತವೆ.


ಮರಿಪೆಟ್ಟಿಗೆ:

ಬ್ರೋಕನ್ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಇದು ಬರೀ ಬಣ್ಣದ ಮಾತಲ್ಲ. ತೇಪೆ ಬರುವುದು ಪ್ರಬಲ ಜೀನಿನಿಂದ, ಒಂದು ಪ್ರತಿ ಸಾಕು. ಬ್ರೋಕನ್ ಹೆಣ್ಣಿಗೆ ನಿಮ್ಮ ತುಂಬು ಬ್ಲೂ ಗಂಡನ್ನು ಕೂಡಿಸಿದರೆ ಅರ್ಧ ಬ್ರೋಕನ್, ಅರ್ಧ ತುಂಬು ಬಣ್ಣ. ತೇಪೆ ಹುಟ್ಟಿದ ದಿನವೇ ಚರ್ಮದ ಮೇಲೆ ಕಾಣುತ್ತದೆ, ಕಾಯಬೇಕಿಲ್ಲ.

ಬ್ರೋಕನ್‌ಗೆ ಬ್ರೋಕನ್ ಮಾತ್ರ ಕೂಡಿಸಬೇಡಿ. ನಾಲ್ಕರಲ್ಲೊಂದು ಮರಿಗೆ ಎರಡೂ ಪ್ರತಿ ಬರುತ್ತದೆ. ಅದನ್ನು ಚಾರ್ಲಿ ಅನ್ನುತ್ತಾರೆ: ಮೈ ಬಹುತೇಕ ಬಿಳಿ, ಕಿವಿ ಮತ್ತು ಕಣ್ಣಿನ ಸುತ್ತ ಬಣ್ಣ, ಮೂಗಿನ ಮೇಲೆ ಪೂರ್ತಿ ಚಿಟ್ಟೆಯ ಬದಲು ಮೀಸೆಯಷ್ಟು ತೇಪೆ, ಬೆನ್ನ ಮೇಲೆ ಒಂದೆರಡು ಚುಕ್ಕೆ. ಈ ಜೀನ್ ಕಿಟ್ ಎಂಬುದು. ಬಣ್ಣದ ಕೋಶಗಳ ಜೊತೆಗೆ ಕರುಳು ತಾಳಬದ್ಧವಾಗಿ ಚಲಿಸುವಂತೆ ಮಾಡುವ ಕೋಶಗಳಿಗೂ ಅದೇ ಬೇಕು. ಎರಡು ಪ್ರತಿ ಬಂದ ಮೊಲಗಳಲ್ಲಿ ದೊಡ್ಡ ಕರುಳು ಹಿಗ್ಗಿ ಸೋತುಹೋಗುವ ಮೆಗಾಕೋಲನ್ ಕಾಣಿಸಿಕೊಳ್ಳುತ್ತದೆ. ಹಿಕ್ಕೆ ದುಂಡಗೆ ಒಣಗಿರುವ ಬದಲು ದೊಡ್ಡದು ಚಿಕ್ಕದು, ಸೊಟ್ಟ, ಮೆತ್ತಗೆ, ಕೆಲವೊಮ್ಮೆ ಲೋಳೆ ಸುತ್ತಿರುತ್ತದೆ. ಹೊಟ್ಟೆ ಉಬ್ಬಿ ಬೆನ್ನೆಲುಬು ಕೈಗೆ ಸಿಗುತ್ತದೆ. ಎಲ್ಲ ಚಾರ್ಲಿಗೂ ಬರುವುದಿಲ್ಲ, ಬಂದದ್ದಕ್ಕೆ ಗುಣವಿಲ್ಲ. ಮೊಲಕ್ಕೆ ಜೀವನವಿಡೀ ನೋವು. ತುಂಬು ಬಣ್ಣದ ಜೊತೆ ಕೂಡಿಸಿದರೆ ಇದನ್ನು ಪೂರ್ತಿ ತಪ್ಪಿಸಬಹುದು, ಬ್ರೋಕನ್ ಮರಿಯೂ ಸಿಗುತ್ತದೆ.

ಕೊಳ್ಳುವ ಮುನ್ನ ಆ ಹೆಣ್ಣಿನ ಮೈ ಎಷ್ಟು ಬಿಳಿ, ಮೂಗಿನ ಚಿಟ್ಟೆ ಪೂರ್ತಿ ಇದೆಯೇ, ಹಿಕ್ಕೆ ಹೇಗಿದೆ ನೋಡಿ. ಅವಳು ತುಂಬು ಬಣ್ಣದ ಗಂಡಿನಿಂದ ಒಂದಾದರೂ ತುಂಬು ಬಣ್ಣದ ಮರಿ ಹಾಕಿದ್ದರೆ ಚಾರ್ಲಿ ಅಲ್ಲ.


ಕಪ್ಪುಜೋಡಿ:

ತುಂಬಾ ಉಪಕಾರವಾಯಿತು. ಪರೀಕ್ಷಾ ಸೂಲಿಗೆ ಸೆಲ್ಫ್ ಲೈಲಾಕ್ ಹೆಣ್ಣು ಒಂದು, ಕಾಡುಬಣ್ಣದ ಹೆಣ್ಣು ಒಂದು ಎರವಲು ಸಿಗುತ್ತದೆ. ದಿನದ ಲೆಕ್ಕದಲ್ಲಿ ಯಾವಾಗ ಏನು ಬರೆದಿಟ್ಟುಕೊಳ್ಳಬೇಕು?


ತುಪ್ಪಳ:

ಕೂಡಿಸಿದ ದಿನಾಂಕ, ಗಂಟೆ, ಗಂಡು ಎಷ್ಟು ಬಾರಿ ಕೂಡಿ ಪಕ್ಕಕ್ಕೆ ಬಿದ್ದ, ಇಷ್ಟು ಮೊದಲು. 12–14ನೇ ದಿನ ಹೊಟ್ಟೆ ಮುಟ್ಟಿ ಗಬ್ಬ ನೋಡಿ, ಮೆಲ್ಲಗೆ. 16–18ನೇ ದಿನವೇ ಹೆಣ್ಣು ತುಪ್ಪಳ ಕಿತ್ತು ಗೂಡು ಕಟ್ಟಿದರೆ ಅದು ಸುಳ್ಳು ಗಬ್ಬ, ಮತ್ತೆ ಕೂಡಿಸಬೇಕು. 28ನೇ ದಿನ ಪೆಟ್ಟಿಗೆ ಇಡಿ, 31ರ ಆಸುಪಾಸು ಮರಿ ಹಾಕುತ್ತದೆ.

ಹುಟ್ಟಿದ ದಿನ ಕೈ ತೊಳೆದು, ತಾಯಿಯ ಹಾಸಿನ ತುಪ್ಪಳ ಕೈಗೆ ಉಜ್ಜಿಕೊಂಡು ಒಂದೊಂದೇ ಮರಿಯನ್ನು ನೋಡಿ. ಸತ್ತ ಮರಿಯ ಬಣ್ಣವನ್ನೂ ಬರೆಯಿರಿ, ಲೆಕ್ಕಕ್ಕೆ ಅದೂ ಸೇರಬೇಕು. ಬದುಕಿದವನ್ನು ಮಾತ್ರ ಎಣಿಸಿದರೆ ಅನುಪಾತ ಓರೆಯಾಗುತ್ತದೆ. ಕಾಡುಬಣ್ಣದ ಮರಿಗೆ ಬೆನ್ನು ಗಾಢವಾಗಿದ್ದರೂ ಕಿವಿಯ ಒಳಭಾಗ, ಹೊಟ್ಟೆ ಗುಲಾಬಿ. ಸೆಲ್ಫ್ ಮರಿಗೆ ಕಿವಿಯ ಒಳಗೂ ಗಾಢ. ಸ್ಟೀಲ್ ಅವತ್ತು ಸೆಲ್ಫ್‌ನ ಹಾಗೇ ಕಾಣುತ್ತದೆ, ಆದ್ದರಿಂದ "ಕಪ್ಪು, ತಾತ್ಕಾಲಿಕ" ಎಂದು ಬರೆದು ಕಿವಿಗೆ ಚುಕ್ಕೆ ಇಡಿ. ಐದನೇ ದಿನದ ಹೊತ್ತಿಗೆ ಮಖಮಲ್ಲಿನಷ್ಟು ಕೂದಲು ಬಂದಿರುತ್ತದೆ. ಕಪ್ಪು, ಬ್ಲೂ, ಚಾಕೊಲೇಟ್, ಲೈಲಾಕ್ ಪಕ್ಕಪಕ್ಕ ಇಟ್ಟರೆ ಸುಲಭವಾಗಿ ಬೇರೆಯಾಗುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಬ್ಲೂ ಮತ್ತು ಲೈಲಾಕ್ ಅದಲುಬದಲಾಗುತ್ತವೆ, ಎರಡನ್ನೂ ಒಂದೇ ಬಟ್ಟೆಯ ಮೇಲೆ ಹಗಲು ಬೆಳಕಿನಲ್ಲಿ ಹೋಲಿಸಿ. 12ನೇ ದಿನ ಕಣ್ಣಿನ ಬಣ್ಣ. ನಾಲ್ಕನೇ ವಾರ ಊದಿ ಉಂಗುರ, ಸ್ಟೀಲ್ ತುದಿ ನೋಡಿ. ಆರನೇ ವಾರ ಇನ್ನೊಮ್ಮೆ ನೋಡಿ "ತಾತ್ಕಾಲಿಕ" ಹೊಡೆದುಹಾಕಿ.

ಕಾಡುಬಣ್ಣದ ಹೆಣ್ಣಿನ ಸೂಲಿನಲ್ಲಿ ಹುಟ್ಟಿದ ದಿನವೇ ಗುಲಾಬಿ ಕಿವಿಯ ಮರಿ ಕಂಡರೆ ನಾಲ್ಕನೇ ವಾರದವರೆಗೆ ಕಾಯಬೇಕಿಲ್ಲ. ಮರಿಯ ಬೆನ್ನಿನ ಚರ್ಮ ಗಾಢವಾಗಿದ್ದು ಹೊಟ್ಟೆ ಗುಲಾಬಿ ಎಂಬುದನ್ನೂ ನೋಡಿಕೊಳ್ಳಿ, ಮೈಯೆಲ್ಲ ಗುಲಾಬಿಯಾದರೆ ಅದು ಬಿಳಿ ಮರಿ. ಬೆನ್ನು ಗಾಢವೇ ಆಗಿದ್ದರೆ ನಿಮ್ಮ ಗಂಡಿನಲ್ಲಿ ಸ್ಟೀಲ್ ಒಂದೇ ಪ್ರತಿ, ಅವನ ಅರ್ಧ ಮರಿಗಳು ಸ್ಟೀಲ್ ಇಲ್ಲದವು.